ಪಾನಕದ ಊರಲ್ಲಿ ಕಲಿತ ಪಾಠ



ಮಂಗಳಗಿರಿಯ ಬೆಟ್ಟದ ನರಸಿಂಹಸ್ವಾಮಿಗೆ ಬೆಲ್ಲದ ಪಾನಕವೇ ನೈವೇದ್ಯ. ಆ ಊರಿನ ಅಕ್ಕನ ಮನೆಗೆ ಹೋಗಿದ್ದಾಗ ನನ್ನ ಮೂರು ವರ್ಷದ ಮಗಳಿಗೆ ಭೇದಿ ಶುರುವಾಯಿತು. ಔಷಧಿ ಅಂಗಡಿಯಿಂದ ಸಿನ್‌ಬಯಾಟಿಕ್ ಪುಡಿ ತಂದು ಕುಡಿಸಿ, ನಿಶ್ಚಿಂತೆಯಾಗಿ ಕೂತೆವು. ಸಂಜೆ ಮಗು ಅತ್ತರೆ ಕಣ್ಣೀರೇ ಇಲ್ಲ! ವೈದ್ಯರು ಮೊದಲು ಕೇಳಿದ್ದು: "ಓಆರ್‌ಎಸ್ ಕೊಟ್ಟಿರಾ?" ಕೊಟ್ಟಿರಲಿಲ್ಲ.

ಸಿನ್‌ಬಯಾಟಿಕ್ ಅಂದರೆ ಕರುಳಿಗೆ ಹಿತವಾದ ಜೀವಾಣು, ಜೊತೆಗೆ ಅದರ ಬುತ್ತಿ. ಒಡಿಶಾದ ಹಳ್ಳಿಗಳ 4,556 ನವಜಾತ ಶಿಶುಗಳನ್ನು ಒಳಗೊಂಡ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಏಳು ದಿನ ಸಿನ್‌ಬಯಾಟಿಕ್ ಪಡೆದವರಲ್ಲಿ ನಂಜು ಮತ್ತು ಸಾವು ಶೇ. 40ರಷ್ಟು ಕಡಿಮೆಯಿತ್ತು. ಆದರೆ ಅಲ್ಲಿ ಕೊಟ್ಟದ್ದು ಒಂದು ನಿರ್ದಿಷ್ಟ ಜೀವಾಣು, ಅದೂ ಆರೋಗ್ಯವಂತ ಶಿಶುಗಳಿಗೆ. ಅಂಗಡಿಯ ಎಲ್ಲ ಪುಡಿಗೂ ಆ ಗುಣ ಬಾರದು.

ಭೇದಿಗೆ ಮೊದಲ ಮದ್ದು ಓಆರ್‌ಎಸ್. ಜೊತೆಗೆ ವೈದ್ಯರು ಹೇಳಿದಷ್ಟು ದಿನ ಜಿಂಕ್. ಎದೆಹಾಲು, ಊಟ ನಿಲ್ಲಿಸಬೇಡಿ. ಸಿನ್‌ಬಯಾಟಿಕ್ ಬೇಕೋ ಬೇಡವೋ, ವೈದ್ಯರು ಹೇಳಲಿ. ಮಲದಲ್ಲಿ ರಕ್ತ, ಮಂಪರು, ಮೂತ್ರ ಕಡಿಮೆಯಾದದ್ದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಅತಿ ಸಿಹಿ ಭೇದಿಯನ್ನು ಹೆಚ್ಚಿಸುತ್ತದೆ. ಪಾನಕ ಸ್ವಾಮಿಗಿರಲಿ, ಮಗು ಚೇತರಿಸಿಕೊಂಡ ಮೇಲೆ ಪ್ರಸಾದ ಕೊಡೋಣ. ನನ್ನ ಮಗಳಿಗೂ ಹಾಗೇ ಕೊಟ್ಟೆವು.