ಗುಡ್ಡ ಹತ್ತಲು ಯಾರ ಅಪ್ಪಣೆ?

(ನೀಲಗಿರಿಯ ತೋಟ ಕಾರ್ಮಿಕರ ಕುಟುಂಬ ಕೂಟದಲ್ಲಿ ಉಪದೇಶಿಯವರು ಮಾಡಿದ ಭಾಷಣ)



ವಿಮೋಚನಕಾಂಡದ 5ನೇ ಅಧ್ಯಾಯವನ್ನು ಈಗಷ್ಟೇ ಓದಿ ಕೇಳಿದೆವು. ಮೋಶೆಯೂ ಆರೋನನೂ ಫರೋಹನ ಮುಂದೆ ನಿಂತು ಮೊದಲು ಕೇಳಿದ್ದು ಏನು? ಕೂಲಿ ಹೆಚ್ಚಿಸು ಎಂದಲ್ಲ. ಇಟ್ಟಿಗೆಯ ಲೆಕ್ಕ ಕಡಿಮೆ ಮಾಡು ಎಂದೂ ಅಲ್ಲ. ಮೂರು ದಿನದ ದಾರಿಯಷ್ಟು ದೂರ ಅಡವಿಗೆ ಹೋಗಿ ದೇವರಿಗೆ ಹಬ್ಬ ಮಾಡಲು ಬಿಡು ಎಂದು ಕೇಳಿದರು. ನಮ್ಮ ಮಾತಿನಲ್ಲಿ ಹೇಳುವುದಾದರೆ, ರಜಾ ಕೇಳಿದರು. ಫರೋಹನ ಉತ್ತರ ತೋಟದಲ್ಲಿ ದುಡಿದ ಯಾರಿಗೂ ಹೊಸದಲ್ಲ. ನೀವು ಮೈಗಳ್ಳರು, ಅದಕ್ಕೇ ಹೀಗೆ ಕೇಳುತ್ತೀರಿ ಎಂದ. ಅಂದಿನಿಂದ ಹುಲ್ಲನ್ನೂ ಅವರೇ ಹುಡುಕಿ ತರಬೇಕಾಯಿತು. ಇಟ್ಟಿಗೆಯ ಲೆಕ್ಕ ಮಾತ್ರ ಇಳಿಯಲಿಲ್ಲ.

ಈ ವಾಕ್ಯವನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ಕುಟುಂಬದ ರಜಾದಿನದ ನಡಿಗೆಯ ಸಂಗತಿ ಕೇಳಿರಿ.

ನಮ್ಮ ಸಭೆಯ ಹೆಣ್ಣುಮಗಳೊಬ್ಬಳು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ನರ್ಸ್ ಆಗಿದ್ದಾಳೆ. ಆಕೆಯ ತಂದೆ ಇದೇ ತೋಟದಲ್ಲಿ ಕವಾತು ಕತ್ತಿ ಹಿಡಿದವರು, ತಾಯಿ ಎಲೆ ಕಿತ್ತವರು. ಕಳೆದ ಕ್ರಿಸ್ಮಸ್ಸಿಗೆ ಊರಿಗೆ ಬಂದಾಗ ನಮ್ಮ ಮನೆಯಲ್ಲಿ ಕುಳಿತು ಇದನ್ನು ಹೇಳಿದಳು. ಆಗಸ್ಟ್ ತಿಂಗಳ ಒಂದು ರಜಾದಿನ ಗಂಡ, ಇಬ್ಬರು ಮಕ್ಕಳೊಡನೆ ಬುತ್ತಿ ಕಟ್ಟಿಕೊಂಡು, ಫ್ಲಾಸ್ಕಿನಲ್ಲಿ ಚಹಾ ತುಂಬಿಕೊಂಡು, ಕಿಂಡರ್ ಸ್ಕೌಟ್ ಎಂಬ ಬೆಟ್ಟಕ್ಕೆ ಹೊರಟರು. ಅದು ಮ್ಯಾಂಚೆಸ್ಟರಿಗೂ ಶೆಫೀಲ್ಡಿಗೂ ನಡುವೆ ಇದೆ. ಎತ್ತರ 636 ಮೀಟರ್, ಅಂದರೆ ನಮ್ಮ ದೊಡ್ಡಬೆಟ್ಟದ ಕಾಲು ಭಾಗವೂ ಅಲ್ಲ. ಆದರೆ ಗಾಳಿ ಬಲು ಜೋರು. ಅಲ್ಲಿ ಒಂದು ಜಲಪಾತವಿದೆ. ಗಾಳಿ ಎದುರು ಬೀಸಿದರೆ ಬೀಳುವ ನೀರು ಮೇಲಕ್ಕೇ ಹಾರುತ್ತದಂತೆ. ಮಕ್ಕಳು ಅದನ್ನು ನೋಡಿ ಕುಣಿದಾಡಿದರು ಎಂದಳು.

ಬೆಟ್ಟದ ತುಂಬ ಒಂದು ಗಿಡ. ಅದರ ಹೆಸರು ಹೆದರ್. ಹೆಸರು ಕೇಳಿ ಹೆದರಬೇಡಿರಿ, ಅದು ಮೊಣಕಾಲೆತ್ತರದ ಪೊದೆ. ಕಡ್ಡಿ ಗಟ್ಟಿ, ಹೂ ಬಲು ಸಣ್ಣದು. ಬೇರೇನೂ ಬೆಳೆಯದ ಹುಳಿ ಮಣ್ಣಿನಲ್ಲಿ ಬೆಳೆಯುತ್ತದೆ. ಹಿಂದೆ ಬಡವರು ಅದರಿಂದ ಪೊರಕೆ ಕಟ್ಟುತ್ತಿದ್ದರು, ಮನೆಯ ಮಾಡಿಗೂ ಹೊದಿಸುತ್ತಿದ್ದರು. ನಮ್ಮ ಕುರಿಂಜಿ ಹನ್ನೆರಡು ವರ್ಷಕ್ಕೊಮ್ಮೆ ಬೆಟ್ಟಕ್ಕೆ ಬಣ್ಣ ಬಳಿಯುವ ಹಾಗೆ, ಹೆದರ್ ಪ್ರತಿ ವರ್ಷ ಆಗಸ್ಟಿನಲ್ಲಿ ಇಡೀ ಗುಡ್ಡವನ್ನು ನೇರಳೆ ಮಾಡುತ್ತದೆ. ಜೇನುಹುಳುಗಳ ಸದ್ದು ದಾರಿಯುದ್ದಕ್ಕೂ ಕೇಳುತ್ತದಂತೆ.

ಬೇಲಿಯ ಬಾಗಿಲ ಬಳಿ ಆಕೆಯ ಕಾಲು ತಾನಾಗಿ ನಿಂತಿತು. "ಇಲ್ಲಿ ಯಾರ ಅಪ್ಪಣೆ ಕೇಳಬೇಕು?" ಎಂದು ಗಂಡನನ್ನು ಕೇಳಿದಳಂತೆ. ಆತ ನಕ್ಕು, "ಯಾರದೂ ಬೇಡ, ನಡಿ" ಎಂದನಂತೆ. "ಮಾವ, ಲೈನ್ ಮನೆಯಲ್ಲಿ ಬೆಳೆದವಳು ನಾನು. ಗೇಟು ಕಂಡರೆ ಇವತ್ತಿಗೂ ಕಾಲು ನಿಲ್ಲುತ್ತೆ" ಎಂದು ಹೇಳುವಾಗ ಆಕೆಯ ಕಣ್ಣು ತುಂಬಿತ್ತು. ನಮಗೂ ಮಾತು ಹೊರಡಲಿಲ್ಲ.

ಆದರೆ ಪ್ರಿಯರೇ, ಆ ಬಾಗಿಲು ಮೊದಲಿನಿಂದ ತೆರೆದಿರಲಿಲ್ಲ. ಆ ಗುಡ್ಡಗಳು ಧಣಿಗಳ ಬೇಟೆಯ ನೆಲವಾಗಿದ್ದವು. ಅಲ್ಲಿ ಗ್ರೌಸ್ ಎಂಬ ಹಕ್ಕಿಯಿದೆ, ನಮ್ಮ ಕಾಡುಕೋಳಿಯ ಜಾತಿಯಂಥದು. ಅದು ಹೆದರ್ ಗಿಡದ ಎಳೆ ಚಿಗುರು ತಿನ್ನುತ್ತದೆ. ಚಿಗುರು ಬರಲೆಂದು ಹಳೆಯ ಪೊದೆಗಳನ್ನು ತುಂಡು ತುಂಡಾಗಿ ಸುಡಿಸುತ್ತಿದ್ದರು. ಆಗಸ್ಟ್ 12ಕ್ಕೆ ಬೇಟೆ ಆರಂಭ. ವರ್ಷದಲ್ಲಿ ಕೆಲವೇ ದಿನದ ಬೇಟೆಗಾಗಿ ಉಳಿದ ದಿನಗಳೆಲ್ಲ ಕಾವಲುಗಾರರು ದೊಣ್ಣೆ ಹಿಡಿದು ಜನರನ್ನು ಓಡಿಸುತ್ತಿದ್ದರು. ಕೆಳಗೆ ಹತ್ತಿ ಗಿರಣಿಯಲ್ಲೂ ಉಕ್ಕಿನ ಕಾರ್ಖಾನೆಯಲ್ಲೂ ಹೊಗೆ ಕುಡಿದವರಿಗೆ ಭಾನುವಾರ ಒಂದು ದಿನ ಮೇಲಿನ ಗಾಳಿ ಕುಡಿಯುವ ಭಾಗ್ಯವಿರಲಿಲ್ಲ.

1900ರಲ್ಲಿ ಶೆಫೀಲ್ಡಿನ ಜಿ.ಎಚ್.ಬಿ. ವಾರ್ಡ್ ಎಂಬ ಕಾರ್ಮಿಕ ಮುಂದಾಳು, ದುಡಿಯುವವರ ನಡಿಗೆ ಸಂಘವೊಂದನ್ನು ಕಟ್ಟಿ ಕಿಂಡರ್ ಸುತ್ತಲೇ ಮೊದಲ ನಡಿಗೆ ಮಾಡಿಸಿದರು. ಇಂಥ ಸಂಘಗಳು ಬೆಳೆದವು, ಮನವಿಗಳು ಹೋದವು, ಬಾಗಿಲು ತೆರೆಯಲಿಲ್ಲ. 1932ರ ಏಪ್ರಿಲ್ 24, ಭಾನುವಾರ. ಮ್ಯಾಂಚೆಸ್ಟರ್ ಕಡೆಯಿಂದ ಸುಮಾರು 400 ಮಂದಿ, ಹೆಚ್ಚಿನವರು ಕೆಲಸಗಾರ ಯುವಕ ಯುವತಿಯರು, ಹೇಫೀಲ್ಡ್ ಎಂಬ ಹಳ್ಳಿಯ ಕಲ್ಲುಕ್ವಾರಿಯಲ್ಲಿ ಸೇರಿ ಒಟ್ಟಾಗಿ ಗುಡ್ಡ ಹತ್ತಿದರು. ಅವರ ಮುಂದಾಳು ಬೆನ್ನಿ ರಾಥ್‌ಮನ್, ಇಪ್ಪತ್ತು ವರ್ಷದ ಯೆಹೂದಿ ಹುಡುಗ, ಕೆಲಸ ಕಳೆದುಕೊಂಡ ಮೆಕ್ಯಾನಿಕ್. ಮೇಲೆ ಕಾವಲುಗಾರರೊಡನೆ ತಳ್ಳಾಟವಾಯಿತು. ಹಿಂದಿರುಗಿದಾಗ ಪೊಲೀಸರು ಕಾದಿದ್ದರು. ಇನ್ನೊಬ್ಬರ ನೆಲದಲ್ಲಿ ನಡೆಯುವುದು ಅಲ್ಲಿಯ ಕಾನೂನಿನಲ್ಲಿ ಕ್ರಿಮಿನಲ್ ಅಪರಾಧವಾಗಿರಲಿಲ್ಲ. ಆದ್ದರಿಂದ ಗಲಭೆಯ ಮೊಕದ್ದಮೆ ಹೂಡಿದರು. ಡರ್ಬಿಯ ನ್ಯಾಯಾಲಯ ಐದು ಮಂದಿಗೆ 2ರಿಂದ 6 ತಿಂಗಳ ಸೆರೆವಾಸ ವಿಧಿಸಿತು. ಬೆನ್ನಿಗೆ 4 ತಿಂಗಳು.

ಹಳೆಯ ನಡಿಗೆ ಸಂಘದವರಲ್ಲೇ ಅನೇಕರು ಈ ದಾರಿ ಸರಿಯಲ್ಲ ಎಂದಿದ್ದರು. ಆದರೆ ಶಿಕ್ಷೆಯ ಸುದ್ದಿ ಕೇಳಿ ಅವರ ಮನಸ್ಸೂ ನೊಂದಿತು. ಮುಂದೆ 1938ರಲ್ಲಿ ಸಂಬಳ ಸಹಿತ ರಜೆಯ ಕಾಯಿದೆ ಬಂತು. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾಯಿದೆ ಬಂತು. 1951ರಲ್ಲಿ ಆ ಸೀಮೆಯೇ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಬಯಲು ಗುಡ್ಡಗಳಲ್ಲಿ ನಡೆಯುವ ಹಕ್ಕನ್ನು 2000ದ ಕಾಯಿದೆ ಸ್ಪಷ್ಟವಾಗಿ ಬರೆಯಿತು. 2002ರಲ್ಲಿ, ಎಪ್ಪತ್ತು ವರ್ಷದ ನೆನಪಿನ ಸಭೆಯಲ್ಲಿ, ಆ ನೆಲದ ಒಡೆಯರಾಗಿದ್ದ ಮನೆತನದ ಡ್ಯೂಕರು ಬಹಿರಂಗವಾಗಿ ಕ್ಷಮೆ ಕೇಳಿದರು. ಕ್ವಾರಿಯ ಕಲ್ಲಿಗೆ ಹಚ್ಚಿದ ಫಲಕವನ್ನು ನಮ್ಮ ಹುಡುಗಿ ಮಕ್ಕಳಿಗೆ ಓದಿ ಹೇಳಿದಳು. ಆ ಮಕ್ಕಳು ಅಪ್ಪಣೆ ಕೇಳದೆ ನಡೆದರು, ಏಕೆಂದರೆ ಯಾರೋ ಮುಂಚೆಯೇ ಅದಕ್ಕೆ ಬೆಲೆ ತೆತ್ತಿದ್ದರು.

ಈಗ ನಮ್ಮ ಮಾತಿಗೆ ಬರೋಣ. ನಮ್ಮ ರಜೆಯೂ ಧಣಿಯ ದಾನವಲ್ಲ. 1951ರ ತೋಟ ಕಾರ್ಮಿಕರ ಕಾಯಿದೆ 20 ದಿನ ದುಡಿದವರಿಗೆ ಒಂದು ದಿನ ಸಂಬಳ ಸಹಿತ ರಜಾ ಎಂದು ಬರೆಯಿತು, ವಾರಕ್ಕೊಂದು ದಿನದ ವಿಶ್ರಾಂತಿಗೂ ದಾರಿ ಮಾಡಿತು. 2020ರಲ್ಲಿ ಸಂಸತ್ತು ಹಳೆಯ ಕಾಯಿದೆಗಳನ್ನು ಒಟ್ಟುಗೂಡಿಸಿ ಹೊಸ ಸಂಹಿತೆಯನ್ನು ಒಪ್ಪಿದಾಗಲೂ ಈ ಎರಡು ಹಕ್ಕುಗಳು ಅದರಲ್ಲಿ ಉಳಿದವು. ಆದರೆ ನಾವು ಏನು ಮಾಡುತ್ತೇವೆ? ರಜಾದಿನವೂ ಹೆಚ್ಚಿನ ಕೂಲಿಗೆ ಹೋಗುತ್ತೇವೆ. ಸಾಲವಿದೆ, ಮಕ್ಕಳ ಫೀಸಿದೆ, ಒಪ್ಪುತ್ತೇವೆ. ಹೋಗದವರಾದರೂ ಏನು ಮಾಡುತ್ತೇವೆ? ಗಂಡಸರು ಪೇಟೆಗೆ ಹೋಗುತ್ತೇವೆ. ಹೆಂಗಸರು ಬಟ್ಟೆ ಒಗೆದು, ಸೌದೆ ಹೊತ್ತು, ವಾರದ ನೀರು ತುಂಬುತ್ತಾರೆ. ಯೂನಿಯನ್ ಕೆಲಸವೆಂದು ನಾವು ಭಾನುವಾರ ಮಧ್ಯಾಹ್ನ ಮನೆ ಬಿಡುವಾಗ ನಮ್ಮ ಮನೆಯವರು ಒಂದು ದಿನ ಕೇಳಿದರು: "ರಜೆಯ ಹಕ್ಕಿನ ಮೀಟಿಂಗಿಗೆ ಹೊರಟಿರಿ. ನನ್ನ ರಜಾ ಯಾವತ್ತು?" ನಮ್ಮಲ್ಲಿ ಉತ್ತರವಿರಲಿಲ್ಲ.

ಉತ್ತರ ಅದೇ ವಿಮೋಚನಕಾಂಡದಲ್ಲಿದೆ, 10ನೇ ಅಧ್ಯಾಯದಲ್ಲಿ. ಬಾಧೆಗಳಿಂದ ಸೋತ ಫರೋಹನು ಕೊನೆಗೆ, ಗಂಡಸರು ಮಾತ್ರ ಹೋಗಲಿ ಎಂದು ಚೌಕಾಸಿ ಮಾಡಿದ. ಮೋಶೆ ಒಪ್ಪಲಿಲ್ಲ. ಚಿಕ್ಕವರು, ಮುದುಕರು, ಗಂಡುಮಕ್ಕಳು, ಹೆಣ್ಣುಮಕ್ಕಳು, ಎಲ್ಲರೂ ಹೋಗಬೇಕು ಎಂದು ಮೊದಲೇ ಹೇಳಿದ್ದ. ಗಂಡಸರಿಗೆ ಮಾತ್ರ ಸಿಕ್ಕ ರಜಾ ಫರೋಹನು ಕೊಟ್ಟ ರಜಾ. ಮನೆಮಂದಿಗೆಲ್ಲ ಸಿಕ್ಕಿದ್ದೇ ದೇವರು ಕೊಟ್ಟದ್ದು.

ಆದ್ದರಿಂದ ನಾವು ಎರಡು ಸಂಗತಿಗಳನ್ನು ಮುಂದಿಡುತ್ತೇವೆ. ಒಂದು, ತಿಂಗಳಿಗೆ ಒಂದು ಭಾನುವಾರವಾದರೂ ಯಾರೂ ಹೆಚ್ಚಿನ ಕೂಲಿಗೆ ಹೋಗದೆ ಕುಟುಂಬ ಸಮೇತ ಹೊರಡೋಣ. ಹಿಂದಿನ ಶನಿವಾರ ನೀರು, ಸೌದೆ ಗಂಡಸರ ಪಾಲು. ಎರಡು, ಈಸ್ಟರ್ ಬೆಳಗಿನ ಜಾವ ನಮ್ಮ ಹಿರಿಯರು ಹಾಡುತ್ತ ಶಿಲುಬೆ ಗುಡ್ಡಕ್ಕೆ ಹತ್ತಿದ ದಾರಿಗೆ ಈಗ ಬೀಗ ಬಿದ್ದಿದೆ. ಬೀಗ ಒಡೆಯುವುದು ನಮಗೆ ಬೇಡ. ಅರ್ಜಿ ಬರೆದಿದ್ದೇವೆ, ಮೇಜಿನ ಮೇಲಿದೆ. ಸಹಿ ಹಾಕದೆ ಯಾರೂ ಊಟಕ್ಕೆ ಹೋಗಬೇಡಿರಿ. ಹೆಂಗಸರ ಸಹಿ ಮೊದಲು ಬೀಳಲಿ. ದಾರಿ ತೆರೆದರೆ ಅದನ್ನು ಶುದ್ಧವಾಗಿಡುವ ಹೊಣೆಯೂ ನಮ್ಮದೇ. ಬೆಂಕಿ ಹಚ್ಚಬಾರದು, ಪ್ಲಾಸ್ಟಿಕ್ ಎಸೆಯಬಾರದು, ಕಾಟಿ ಕಂಡರೆ ಕೂಗದೆ ದೂರ ಸರಿಯಬೇಕು.

ಮೈಗಳ್ಳರು ಎಂಬ ಮಾತು ನಮ್ಮ ಕಿವಿಗೂ ಬೀಳುತ್ತದೆ. ಬೀಳಲಿ. ಅದು ಫರೋಹನ ಕಾಲದಿಂದಲೂ ಬಂದ ಹಳೆಯ ಮಾತು. ಆರು ದಿನ ಪ್ರಾಮಾಣಿಕವಾಗಿ ದುಡಿಯೋಣ, ಏಳನೆಯ ದಿನ ಮಕ್ಕಳ ಕೈ ಹಿಡಿದು ನಡೆಯೋಣ. ನಮ್ಮ ದುಡಿಮೆಯನ್ನೂ ವಿಶ್ರಾಂತಿಯನ್ನೂ ಕರ್ತನು ಆಶೀರ್ವದಿಸಲಿ. ಆಮೆನ್.