ದಸ್ತರಖಾನ್ ಮತ್ತು ಹೊಸ ಪರಿಚಯ



ವಿದ್ಯಾರ್ಥಿಗಳಿಗೆ ಗೆಳೆಯರನ್ನು ಹುಡುಕುವ ಕಷ್ಟವಿಲ್ಲ. ಒಂದೇ ಬೆಂಚು, ಒಂದೇ ಮೈದಾನ, ಒಂದೇ ಬಸ್ಸು ಸಾಕು. ಪರಿಚಯ ತಾನಾಗಿಯೇ ಆಗುತ್ತದೆ. ನಲವತ್ತು ದಾಟಿದವರ ಸ್ಥಿತಿ ಹಾಗಲ್ಲ. ವರ್ಗಾವಣೆಯಾಗಿ ಬಂದ ನೌಕರರು, ಸಂಗಾತಿಯನ್ನು ಕಳೆದುಕೊಂಡವರು, ಮಕ್ಕಳು ಹಾಸ್ಟೆಲ್ ಸೇರಿದ ಮೇಲೆ ಮನೆಯಲ್ಲಿ ಒಬ್ಬರೇ ಉಳಿದ ತಾಯಂದಿರು, ಇಪ್ಪತ್ತು ವರ್ಷ ಗಲ್ಫ್‌ನಲ್ಲಿ ದುಡಿದು ಊರಿಗೆ ಮರಳಿದವರು - ಇವರಿಗೆ ಸಲಾಂ ಹೇಳುವವರು ಬಹಳ, ಮನಬಿಚ್ಚಿ ಮಾತಾಡುವವರು ಕಡಿಮೆ.

ಇದು ಕೇವಲ ಮನಸ್ಸಿನ ಬೇಸರವಲ್ಲ. ನಮ್ಮ ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ಡಾ. ವಿವೇಕ್ ಮೂರ್ತಿಯವರು ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ, 2023ರಲ್ಲಿ, ಒಂಟಿತನದಿಂದ ಹೃದ್ರೋಗ ಮತ್ತು ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆಂದು ಎಚ್ಚರಿಕೆ ನೀಡಿದರು.

ಇದಕ್ಕೆ ಒಂದು ಸರಳ ಉಪಾಯವನ್ನು ಪ್ಯಾರಿಸ್‌ನ ಒಬ್ಬ ಅಧ್ಯಾಪಕರು ಮಾಡಿ ತೋರಿಸಿದರು. ಅವರ ಹೆಸರು ಜಿಮ್ ಹೇನ್ಸ್. 1933ರಲ್ಲಿ ಅಮೆರಿಕದಲ್ಲಿ ಹುಟ್ಟಿ, 1969ರಲ್ಲಿ ಪ್ಯಾರಿಸ್ ಸೇರಿದವರು. 1970ರ ದಶಕದ ಕೊನೆಯಿಂದ ಸುಮಾರು 40 ವರ್ಷ ಭಾನುವಾರ ರಾತ್ರಿ ಅವರ ಮನೆಯ ಬಾಗಿಲು ಅಪರಿಚಿತರಿಗೆ ತೆರೆದಿತ್ತು. ಬರುವವರು ಮೊದಲೇ ಹೆಸರು ತಿಳಿಸಬೇಕು. ಖರ್ಚಿಗೆಂದು ಲಕೋಟೆಯಲ್ಲಿ ಒಂದಿಷ್ಟು ಹಣ ಇಡಬೇಕು. ಅಡುಗೆಯನ್ನು ಸ್ನೇಹಿತರು ಮಾಡುತ್ತಿದ್ದರು. ವಾರಕ್ಕೆ ಐವತ್ತು ಅರವತ್ತು ಜನ, ಕೆಲವೊಮ್ಮೆ ಇನ್ನೂ ಹೆಚ್ಚು. 2021ರ ಜನವರಿಯಲ್ಲಿ ಅವರು ತೀರಿಕೊಂಡರು.

ಊಟ ಹಾಕುವವರು ಲೋಕದಲ್ಲಿ ಬಹಳ ಮಂದಿ ಇದ್ದಾರೆ. ಹೇನ್ಸ್ ಅವರ ವಿಶೇಷವೇನೆಂದರೆ, ಬರುವವರ ಹೆಸರುಗಳನ್ನು ಮೊದಲೇ ನೆನಪಿಟ್ಟುಕೊಂಡು ಒಬ್ಬರನ್ನೊಬ್ಬರಿಗೆ ಪರಿಚಯಿಸುತ್ತಿದ್ದರು. ಆಮೇಲಿನ ಮಾತನ್ನು ಅತಿಥಿಗಳೇ ಬೆಳೆಸುತ್ತಿದ್ದರು.

ನಮ್ಮಲ್ಲಿ ದಾವತ್‌ಗಳಿಗೆ ಕೊರತೆಯಿಲ್ಲ. ದಸ್ತರಖಾನ್ ಹಾಸಿ ಜೊತೆಯಲ್ಲಿ ಉಣ್ಣುವುದು ನಮಗೆ ಯಾರೂ ಕಲಿಸಬೇಕಾದದ್ದಲ್ಲ. ಆದರೆ ಗಮನಿಸಿ: ಅಣ್ಣ ತಮ್ಮನ ಪಕ್ಕ ಕೂರುತ್ತಾನೆ, ವ್ಯಾಪಾರಿ ವ್ಯಾಪಾರಿಯ ಪಕ್ಕ ಕೂರುತ್ತಾನೆ. ಹೊಸಬರು ಮೂಲೆಯಲ್ಲಿ ಉಂಡು, ಕೈ ತೊಳೆದು ಹೊರಟುಹೋಗುತ್ತಾರೆ. ಹೊಟ್ಟೆ ತುಂಬುತ್ತದೆ, ಪರಿಚಯ ಆಗುವುದಿಲ್ಲ.

ಆದ್ದರಿಂದ ಸಂಘಕ್ಕೆ ನನ್ನದೊಂದು ವಿನಂತಿ. ತಿಂಗಳಿಗೊಮ್ಮೆ, ನಿಗದಿತ ದಿನದಂದು, ಸಾದಾ ಊಟ ಇಟ್ಟುಕೊಳ್ಳೋಣ. ಬಿರಿಯಾನಿಯೇ ಆಗಬೇಕೆಂದಿಲ್ಲ, ಅನ್ನ ದಾಲ್ಚಾ ಸಾಕು. ಖರ್ಚನ್ನು ಹಂಚಿಕೊಳ್ಳೋಣ, ಕೊಡಲಾಗದವರನ್ನು ಕೇಳುವುದು ಬೇಡ. ಬೇರೆ ಬೇರೆ ಬಡಾವಣೆಯ, ಬೇರೆ ಬೇರೆ ಸಮುದಾಯದ ನೆರೆಹೊರೆಯವರನ್ನೂ ಕರೆಯೋಣ. ಆರಾರು ಜನರನ್ನು ಬೆರೆಸಿ ಕೂರಿಸೋಣ. ಮಹಿಳೆಯರ ಸಾಲಿನಲ್ಲೂ ಇದೇ ಕ್ರಮವಿರಲಿ. ಮನೆಯಿಂದ ಹೊರಗೆ ಪರಿಚಯ ಬೆಳೆಸುವ ಅವಕಾಶ ಅವರಿಗೇ ಕಡಿಮೆ. ಒಮ್ಮೆ ಮಾಡಿ ಬಿಟ್ಟರೆ ಪ್ರಯೋಜನವಿಲ್ಲ. ಮುಖ ಎರಡನೆಯ ಸಲ, ಮೂರನೆಯ ಸಲ ಕಂಡಾಗಲೇ ಪರಿಚಯ ಸ್ನೇಹವಾಗುವುದು.

ವಿದ್ಯಾರ್ಥಿಗಳೇ, ಇಲ್ಲಿ ಮುಖ್ಯವಾದ ಕೆಲಸ ನಿಮ್ಮದು. ಬಡಿಸುವುದರ ಜೊತೆಗೆ ಹೆಸರುಗಳನ್ನು ಕಲಿಯಿರಿ. "ಚಾಚಾ, ಇವರು ಹೊಸದಾಗಿ ನಮ್ಮ ಬೀದಿಗೆ ಬಂದವರು, ಪುಸ್ತಕವೆಂದರೆ ಇವರಿಗೆ ಬಹಳ ಇಷ್ಟ" ಎಂದು ಒಂದು ಮಾತು ಹೇಳಿ. ಒಂಟಿಯಾಗಿದ್ದ ಒಬ್ಬರಿಗೆ ಅಷ್ಟರಿಂದಲೇ ಒಬ್ಬ ಸ್ನೇಹಿತ ಸಿಗಬಹುದು.