ಬಿಚ್ಚದೆ ನೋಡುವ ವಿದ್ಯೆ

ಸಂತೆಯಲ್ಲಿ ಮಡಕೆ ಕೊಳ್ಳುವವರು ಮೊದಲು ಬೆರಳಿನಿಂದ ತಟ್ಟಿ ನೋಡುತ್ತಾರೆ. ಗಟ್ಟಿ ಮಡಕೆ ಟಣ್ ಎಂದು ನಾದಗೈಯುತ್ತದೆ. ಕೂದಲೆಳೆಯಷ್ಟು ಬಿರುಕಿದ್ದರೂ ದನಿ ಒಡೆದು ಬರುತ್ತದೆ. ಒಡೆಯದೆ ಒಳಗನ್ನರಿಯುವ ಈ ಉಪಾಯವೇ ಕಾರ್ಖಾನೆಗಳಲ್ಲಿ ಒಂದು ಶಾಸ್ತ್ರವಾಗಿ ಬೆಳೆದಿದೆ.

ಉಗಿಯ ಬಾಯ್ಲರನ್ನಾಗಲಿ, ರಾಸಾಯನಿಕ ಹರಿಯುವ ಕೊಳವೆಯನ್ನಾಗಲಿ ಪ್ರತಿಸಲವೂ ಬಿಚ್ಚಿ ನೋಡುವುದು ಸಾಧ್ಯವಿಲ್ಲ. ಬಿಚ್ಚಿದರೆ ಕೆಲಸ ನಿಲ್ಲುತ್ತದೆ. ಮರಳಿ ಜೋಡಿಸುವಾಗ ಹೊಸ ದೋಷ ಸೇರುವುದೂ ಉಂಟು. ನೋಡದೆ ಬಿಟ್ಟರೋ, ಒಳಗೊಳಗೇ ಸವೆದ ಲೋಹ ಒಂದು ದಿನ ಸಿಡಿದೀತು.

ಇದಕ್ಕೊಂದು ಪರಿಹಾರ ಶ್ರವಣಾತೀತ ಧ್ವನಿ. ಕೊಳವೆಯ ಹೊರಮೈಗೆ ತುಸು ಎಣ್ಣೆ ಸವರಿ, ಚಿಕ್ಕ ಉಪಕರಣವೊಂದನ್ನು ಒತ್ತಿ ಹಿಡಿಯುತ್ತಾರೆ. ನಮ್ಮ ಕಿವಿಗೆ ಕೇಳಿಸದ ಧ್ವನಿ ಅದರಿಂದ ಹೊರಟು ಲೋಹವನ್ನು ಹೊಗುತ್ತದೆ. ಉಕ್ಕಿನಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 5,900 ಮೀಟರ್. ಅದು ಒಳಮೈಯನ್ನು ಮುಟ್ಟಿ ಹಿಂದಿರುಗಲು ಹಿಡಿದ ಕಾಲದಿಂದ ಲೋಹದ ದಪ್ಪ ತಿಳಿಯುತ್ತದೆ. ಪ್ರತಿಧ್ವನಿ ಬೇಗನೆ ಬಂದರೆ ಲೋಹ ಸವೆದಿದೆ, ಇಲ್ಲವೆ ನಡುವೆ ಬಿರುಕು ಅಡ್ಡ ಬಂದಿದೆ ಎಂದರ್ಥ. ಆದರೆ ಧ್ವನಿ ಸಾಗುವ ದಿಕ್ಕಿನಲ್ಲೇ ಚಾಚಿಕೊಂಡ ಬಿರುಕು ಪ್ರತಿಧ್ವನಿಗೊಡದೆ ಅಡಗಿರಬಲ್ಲದು. ಅದಕ್ಕಾಗಿ ಬಲ್ಲವರು ಓರೆಯಾಗಿಯೂ ಧ್ವನಿ ಕಳಿಸಿ ನೋಡುತ್ತಾರೆ. ಉಪಕರಣ ಉತ್ತರ ಕೊಡುತ್ತದೆ, ನಿಜ. ಪ್ರಶ್ನೆ ಕೇಳಬೇಕಾದವನು ಮನುಷ್ಯ.

ವಿಮಾನದ ಮೈಯನ್ನೂ ಹೀಗೆಯೇ ಬಿಚ್ಚದೆ ಪರೀಕ್ಷಿಸುತ್ತಾರೆ. ರಿವೆಟ್‌ಗಳ ಸುತ್ತ ವಿದ್ಯುತ್ ಸುರುಳಿಯೊಂದನ್ನು ಆಡಿಸಿದರೆ ಕಣ್ಣಿಗೆ ಕಾಣದ ಬಿರುಕೂ ಗೊತ್ತಾಗುತ್ತದೆ. ಆದರೂ 1988ರ ಏಪ್ರಿಲ್ 28ರಂದು, ಹವಾಯಿಯ ಹಿಲೋದಿಂದ ಹೊನೊಲುಲುವಿಗೆ ಹೊರಟ ಬೋಯಿಂಗ್ 737 ವಿಮಾನದ ಮುಂಭಾಗದ ಛಾವಣಿ 24,000 ಅಡಿ ಎತ್ತರದಲ್ಲಿ ಕಿತ್ತುಹೋಯಿತು. ಗಗನಸಖಿಯೊಬ್ಬರು ಗಾಳಿಯ ಪಾಲಾದರು. ಉಳಿದ 94 ಮಂದಿ ಬದುಕಿದ್ದೇ ಆಶ್ಚರ್ಯ. ತಗಡುಗಳು ಕೂಡುವಲ್ಲಿ, ರಿವೆಟ್ ಸಾಲಿನಲ್ಲಿ ಬಿರುಕುಗಳು ಹಬ್ಬಿದ್ದವು. ನಿರ್ವಹಣಾ ವ್ಯವಸ್ಥೆ ಅವನ್ನು ಪತ್ತೆಹಚ್ಚಲಿಲ್ಲವೆಂದು 1989ರ ತನಿಖಾ ವರದಿ ಹೇಳಿತು. ಅಂದು ವಿಮಾನ ಹತ್ತುವಾಗ ಪ್ರಯಾಣಿಕರೊಬ್ಬರಿಗೆ ಬಾಗಿಲ ಬಳಿ ಬಿರುಕೊಂದು ಕಂಡಿತ್ತು. ಅವರು ಯಾರಿಗೂ ಹೇಳಲಿಲ್ಲ.

ಇಲ್ಲಿ ಕೊರತೆಯಾದದ್ದು ವಿದ್ಯೆಯಲ್ಲ, ಎಚ್ಚರ. ಪರೀಕ್ಷಕನ ಕೆಲಸ ಬೇಸರದ ಕೆಲಸ. ಸಾವಿರ ರಿವೆಟ್‌ಗಳ ಮುಂದೆ ‘ದೋಷವಿಲ್ಲ’ ಎಂದು ಬರೆದ ಕೈ, ಮುಂದಿನದನ್ನು ನೋಡದೆಯೇ ಹಾಗೆ ಬರೆದುಬಿಡಬಹುದು. ಆದ್ದರಿಂದ ಹೊಸ ಉಪಕರಣ ತರಿಸುವ ಆಡಳಿತ ಆ ಪರೀಕ್ಷಕನಿಗೆ ಸಾಕಷ್ಟು ಬೆಳಕು, ಬೇಕಾದಷ್ಟು ಸಮಯ, ದಣಿವಾರಿಸಿಕೊಳ್ಳಲು ಬಿಡುವು ಕೊಟ್ಟಿದೆಯೆ ಎಂದೂ ಕೇಳಿಕೊಳ್ಳಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಅನುಮಾನ ಬಂದಾಗ ‘ಯಂತ್ರ ನಿಲ್ಲಿಸಿ’ ಎನ್ನುವ ಅಧಿಕಾರ ಆತನಿಗಿರಬೇಕು. ಆ ಮಾತಿಗೆ ಬೆಲೆಯಿಲ್ಲದ ಕಡೆ ಎಂಥ ಸೂಕ್ಷ್ಮ ಉಪಕರಣವಿದ್ದರೂ ಫಲವಿಲ್ಲ.